ಅಮ್ಮನ ಸಾರು, ಅಣ್ಣನ ಕಲ್ಲು

ಕಳೆದ ಯುಗಾದಿಯ ಮರುವಾರ ಅಣ್ಣ ತೆಂಗಿನ ತೋಟದಲ್ಲಿ ಪಕ್ಕೆ ಹಿಡಿದುಕೊಂಡು ಕುಸಿದ. ಶ್ರೀರಂಗಪಟ್ಟಣದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೂತ್ರನಾಳದಲ್ಲಿ 5 ಮಿಲಿಮೀಟರ್ ಕಲ್ಲು. ಕೆಲವು ದಿನಕ್ಕೆ ಕಲ್ಲು ತಾನಾಗಿ ಬಿತ್ತು. ಮನೆಯಲ್ಲಿ ಅದು ಎಬ್ಬಿಸಿದ ಮಾತು ಮಾತ್ರ ನಿಲ್ಲಲಿಲ್ಲ.

ನಮ್ಮದು ನಾಗಮಂಗಲ ತಾಲ್ಲೂಕಿನ ಊರು, ಕುಡಿಯುವುದು ಬೋರ್‌ವೆಲ್ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುತ್ತದೆ. ಮೊದಲು ಆ ನೀರಿನ ಮೇಲೆ ತಪ್ಪು ಬಿತ್ತು. ಆಮೇಲೆ ಕೆ.ಆರ್. ಪೇಟೆಯ ಅತ್ತೆ ಬಾಳೆದಿಂಡು ಹೊತ್ತುಕೊಂಡು ಬಂದವರೇ, "ಟೊಮೆಟೊ ಬೀಜ ಹೋಗಿ ಕೂತವೆ, ಅದ್ಕೇ ಕಲ್ಲಾಗಿರೋದು" ಅಂದರು. ಅಮ್ಮನಿಗೆ ಅದು ನಾಟಿತು. ಅವತ್ತಿನಿಂದ ಸಾರಿಗೆ ಟೊಮೆಟೊ ಇಲ್ಲ. ಹಾಲಿನಲ್ಲಿ ಸುಣ್ಣದಂಶವಿದೆ ಎಂದು ಯಾರೋ ಹೇಳಿದ್ದಕ್ಕೆ ಅಣ್ಣನಿಗೆ ಹಾಲು, ಮಜ್ಜಿಗೆಯೂ ಇಲ್ಲ. ಒಂದು ರಾತ್ರಿ ನನ್ನ ಹತ್ತಿರ, "ನನ್ ಕೈಯಾರೆ ಇಕ್ಕಿ ಮಗಂಗೆ ಕಲ್ಲು ಮಾಡ್ದೆ ಕಣಪ್ಪ" ಎಂದು ಅತ್ತಳು.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಅದೇ ನೀರು ಕುಡಿದು, ಅದೇ ಸಾರಲ್ಲಿ ಮುದ್ದೆ ಉಂಡ ನನಗೇಕೆ ಕಲ್ಲಾಗಲಿಲ್ಲ?

ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪನ ಮಾತು ನೆನಪಾಯಿತು. (ಬ್ರಿಟಿಷರ ಕಾಲದಲ್ಲಿ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಕಲ್ಲಿನ ವಿಷಯ ನಮ್ಮೂರವರನ್ನೇ ಕೇಳಬೇಕು ಎಂಬುದು ಅವರ ತಮಾಷೆ.) ಕಬ್ಬಿನ ರಸ ಕುದ್ದು ಗಟ್ಟಿಯಾದಾಗ ಸಣ್ಣ ಸಕ್ಕರೆ ಹುಡಿಯನ್ನು ಬೀಜವಾಗಿ ಬಿಡುತ್ತಾರೆ, ಅದರ ಸುತ್ತ ಹರಳು ಬೆಳೆಯುತ್ತದೆ. ನಮ್ಮೆಲ್ಲರ ಮೂತ್ರವೂ ಎಷ್ಟೋ ಸಲ ಅಂಥ ಪಾಕವೇ. ಕರಗಿಸಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಆಕ್ಸಲೇಟ್ ಅದರಲ್ಲಿರುತ್ತದೆ. ಹಾಗಿದ್ದೂ ಹೆಚ್ಚಿನವರಿಗೆ ಕಲ್ಲಾಗುವುದಿಲ್ಲ. ಅಂದರೆ ಒಳಗೆ ಯಾರೋ ಹರಳು ಬೆಳೆಯದಂತೆ ಕಾಯುತ್ತಿದ್ದಾರೆ.

ಆ ಕಾವಲುಗಾರರಲ್ಲಿ ಕೆಲವರು ಪ್ರೋಟೀನುಗಳು. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಯೂರೋಮಾಡ್ಯುಲಿನ್. 1950ರಲ್ಲಿ ಅಮೆರಿಕದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ವೈರಸ್ಸನ್ನು ತಡೆಯುವ ವಸ್ತುವೊಂದರ ಬೆನ್ನು ಹತ್ತಿ ಇದನ್ನು ಮೂತ್ರದಿಂದ ಬೇರ್ಪಡಿಸಿದರು. ಕಲ್ಲಿನ ಯೋಚನೆ ಅವರಿಗಿರಲಿಲ್ಲ. ಇದನ್ನು ಮೂತ್ರಪಿಂಡವೇ ತಯಾರಿಸುತ್ತದೆ. ಸಣ್ಣ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಇದರ ಒಂದು ಕೆಲಸ. ಬಿಡಿಬಿಡಿಯಾಗಿದ್ದರೆ ಅವು ನೀರಿನೊಡನೆ ಹೊರಟುಹೋಗುತ್ತವೆ. ಇದನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಹರಳು ಕಟ್ಟಿದ್ದನ್ನು 2004ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮೂಳೆಯಲ್ಲೂ ಸಿಗುವ ಆಸ್ಟಿಯೋಪಾಂಟಿನ್ ಎಂಬ ಇನ್ನೊಂದು ಪ್ರೋಟೀನ್ ತನ್ನ ಋಣ ವಿದ್ಯುದಂಶದಿಂದ ಹರಳಿನ ಮೈಗೇ ಅಂಟಿ, ಹೊಸ ಪದರ ಕೂರಲು ಜಾಗ ಕೊಡುವುದಿಲ್ಲ.

ಕತೆ ಇಷ್ಟಕ್ಕೇ ಮುಗಿದಿದ್ದರೆ ಅಮ್ಮನಿಗೆ ಹೇಳುವುದು ಸುಲಭವಿತ್ತು. ಆದರೆ ಈ ಕಾವಲುಗಾರರು ಪಕ್ಷವನ್ನೂ ಬದಲಿಸುತ್ತಾರೆ. ಮೂತ್ರ ತೀರಾ ಗಟ್ಟಿಯಾಗಿ, ಹುಳಿಯಾದಾಗ ಯೂರೋಮಾಡ್ಯುಲಿನ್ ತನ್ನೊಳಗೇ ಗಂಟು ಕಟ್ಟಿಕೊಂಡು ಹರಳುಗಳನ್ನು ಬೆಸೆಯುವ ಅಂಟೂ ಆಗಬಹುದು. ಕಲ್ಲನ್ನು ಬಿಡಿಸಿ ನೋಡಿದರೆ ಖನಿಜದ ನಡುವೆ ಸ್ವಲ್ಪ ಪ್ರೋಟೀನೂ ಸಿಗುತ್ತದೆ. ಬಿಸಿಲಲ್ಲಿ ಮಧ್ಯಾಹ್ನದ ತನಕ ಒಂದು ಲೋಟ ನೀರೂ ಕುಡಿಯದೆ ಗೆಯ್ಯುವ ಅಣ್ಣನ ಮೂತ್ರ ಎಷ್ಟು ಗಟ್ಟಿಯಾಗಿದ್ದೀತು!

ಅಣ್ಣನ ಲ್ಯಾಬ್ ರಿಪೋರ್ಟಿನಲ್ಲಿ "ಪ್ರೋಟೀನ್: ನಿಲ್" ಎಂದಿತ್ತು. ಹಾಗಾದರೆ ಕಾವಲೇ ಇಲ್ಲವೇ ಎಂದು ನಾನು ಗಾಬರಿಯಾಗಿದ್ದೆ. ಆ ಪರೀಕ್ಷೆಯ ಪಟ್ಟಿ ಮುಖ್ಯವಾಗಿ ಹುಡುಕುವುದು ಆಲ್ಬುಮಿನ್ ಅನ್ನು ಎಂದು ಆಮೇಲೆ ಗೊತ್ತಾಯಿತು.

ಊರಿಗೆ ಹೋದಾಗ ಅಮ್ಮನ ಪಕ್ಕ ಒಲೆ ಮುಂದೆ ಕೂತು ಇದನ್ನೆಲ್ಲ ಹೇಳಿದೆ. ಬೀಜ ಕರುಳಿನಲ್ಲಿ ಸಾಗಿ ಹೋಗುತ್ತದೆ, ಮೂತ್ರಪಿಂಡಕ್ಕೆ ಹೋಗುವ ದಾರಿಯೇ ಅದಕ್ಕಿಲ್ಲ ಎಂದೆ. ಊಟದ ಜೊತೆಗಿನ ಮಜ್ಜಿಗೆಯ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದು ಹೊರಗೆ ಕಳಿಸುತ್ತದೆ, ಅದನ್ನು ನಿಲ್ಲಿಸಿದ್ದೇ ತಪ್ಪು ಎಂದೂ ಹೇಳಿದೆ. ಅಮ್ಮ ಬೆಂಕಿ ಒಟ್ಟುತ್ತ ಕೇಳಿದಳು:

"ಹಂಗಾರೆ ಆ ಕಾವ್ಲುನೋನು ಅವ್ನಿಗೆ ಮಾತ್ರ ಯಾಕೆ ಕೈಕೊಟ್ಟ?"

ಒಂದೇ ಕಾರಣ ಇರುವುದಿಲ್ಲ ಎಂದೆ. ಹುಟ್ಟಿನಿಂದ ಬಂದದ್ದಿರಬಹುದು, ಆ ಪ್ರೋಟೀನಿನ ರಚನೆಯಲ್ಲೇ ಸಣ್ಣ ವ್ಯತ್ಯಾಸವಿರಬಹುದು. ನಮ್ಮ ಕೈಯಲ್ಲಿರುವುದು ನೀರು, ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು.

ಅವತ್ತು ಸಾರಿಗೆ ಎರಡು ಟೊಮೆಟೊ ಬಿತ್ತು. ಅತ್ತೆಗೆ ಬೇಜಾರಾಗಬಾರದೆಂದು ಬಾಳೆದಿಂಡಿನ ಪಲ್ಯವೂ ಆಯಿತು. ಮಾರನೆಯ ಬೆಳಿಗ್ಗೆ ಅಣ್ಣ ತೋಟಕ್ಕೆ ಹೊರಟಾಗ ಅಮ್ಮ ಎರಡು ದೊಡ್ಡ ಬಾಟಲಿ ನೀರು ತುಂಬಿ ಗಾಡಿಗೆ ನೇತುಹಾಕಿ, "ಖಾಲಿ ಬಾಟ್ಲಿ ತಂದು ತೋರ್ಸು" ಅಂದಳು.