ಬರಿದು ಮಾಡುವ ಮುನ್ನ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಾವು ಹಾರ್ಡ್ ಡಿಸ್ಕೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಫೋರ್ಟಿನ ಬೋರಾ ಬಜಾರಿನ ರಿಪೇರಿ ಅಂಗಡಿಯೊಂದಕ್ಕೆ ಹೋದೆವು. ಒಂದು ಟೆರಾಬೈಟಿನ ಆ ಡಿಸ್ಕಿನಲ್ಲಿ ನಮ್ಮ ಬಳಗ ಹತ್ತು ವರ್ಷಗಳಿಂದ ದಾಖಲಿಸಿಕೊಂಡು ಬಂದ ಹಿರಿಯರ ಮಾತುಗಳಿದ್ದವು. ಹಗಲಲ್ಲಿ ಇದೇ ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳಲ್ಲಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು ಅವರು. ಕೆಲವರು ಈಗಿಲ್ಲ. ಅವರ ದನಿ ಬೇರೆಲ್ಲಿಯೂ ಉಳಿದಿಲ್ಲ.

ಆ ಡಿಸ್ಕಿನ ಫೈಲ್ ಸಿಸ್ಟಮ್ ಫ್ಯಾಟ್32. ಅರ್ಧ ಡಿಸ್ಕ್ ಖಾಲಿಯಿದ್ದರೂ 4 ಜಿಬಿ ಗಾತ್ರದ ಒಂದೇ ಫೈಲನ್ನು ಅದು ಒಳಗೊಳ್ಳದು. ಫೈಲಿನ ಅಳತೆ ಬರೆದಿಡಲು ಅದರಲ್ಲಿರುವುದು 32 ಬಿಟ್‌ಗಳ ಜಾಗ ಮಾತ್ರ. ನಮ್ಮ ಎರಡು ಗಂಟೆಯ ಹೊಸ ವಿಡಿಯೊ ಬಾಗಿಲಲ್ಲೇ ನಿಂತಿತು.

ವಿಂಡೋಸಿನ ಕನ್ವರ್ಟ್ ಆದೇಶದಿಂದ ಇದ್ದಲ್ಲಿಯೇ ಎನ್‌ಟಿಎಫ್‌ಎಸ್‌ಗೆ ಬದಲಿಸಬಹುದಿತ್ತು. ಆದರೆ ನಮ್ಮಲ್ಲಿ ಹಲವರದು ಮ್ಯಾಕ್. ಅದು ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಅದರಲ್ಲಿ ಬರೆಯದು. ಎರಡೂ ಕಡೆ ಸಲ್ಲುವುದು ಎಕ್ಸ್‌ಫ್ಯಾಟ್. ಅದಕ್ಕೆ ಬದಲಿಸಲು ವಿಂಡೋಸಿನಲ್ಲಿ ಅಂಥ ಆದೇಶವಿಲ್ಲ. ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬರಿದಾಗಿಸಲೇಬೇಕು.

ಅಂಗಡಿಯಾತ ಕೇಳಿದ್ದು ಒಂದೇ ಮಾತು: “ದೂಸರೀ ಕಾಪಿ ಹೈ?” ನಾವು ಮುಖ ಮುಖ ನೋಡಿಕೊಂಡೆವು. ಹತ್ತು ವರ್ಷದಲ್ಲಿ ನಮಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊಸ ಖೋಲಿಯ ಕೀಲಿ ಕೈಸೇರುವ ತನಕ ಹಳೆಯದನ್ನು ಬಿಡಬಾರದೆಂದು ಬಲ್ಲ ಮುಂಬಯಿಗರೇ ನಾವು.

ಇನ್ನೊಂದು ಡಿಸ್ಕ್ ಕೊಂಡು ಮನೆಗೆ ಮರಳಿದೆವು. ಸೆಕೆಂಡಿಗೆ 30 ಎಂಬಿಯಂತೆ 500 ಜಿಬಿ ಸಾಗಲು ಹತ್ತಿರ ಹತ್ತಿರ ಐದು ಗಂಟೆ ಹಿಡಿಯಿತು. ಪ್ರತಿ ಮುಗಿದರೆ ಸಾಲದು, ತಾಳೆ ನೋಡಬೇಕು. ಎರಡೂ ಡಿಸ್ಕಿನ ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತ ತೆಗೆದೆವು. ಒಂದು ಬಿಟ್ ಬದಲಾದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಒಂದು ಫೈಲು ತಾಳೆಯಾಗಲಿಲ್ಲ. ತೀರಿಹೋದ ಹಿರಿಯರೊಬ್ಬರು ತಮ್ಮ ಮೊದಲ ಸಂಬಳವನ್ನು ಊರಿಗೆ ಮನಿಯಾರ್ಡರ್ ಮಾಡಿದ ಕತೆ ಅದು. ಕೇಬಲ್ ಬದಲಿಸಿ ಮತ್ತೆ ಪ್ರತಿ ಮಾಡಿದಾಗ ಮೊತ್ತ ಕೂಡಿಬಂತು. ಅವಸರದಲ್ಲಿ ಹಳೆಯದನ್ನು ಅಳಿಸಿದ್ದರೆ ನಮ್ಮಲ್ಲಿ ಉಳಿಯುತ್ತಿದ್ದುದು ಆ ಕೆಟ್ಟ ಪ್ರತಿಯೊಂದೇ.

ಆಮೇಲೆಯೇ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಎಲ್ಲವನ್ನೂ ಮರಳಿ ತುಂಬಿ, ಮತ್ತೊಮ್ಮೆ ತಾಳೆ ನೋಡಿದೆವು. ಎಕ್ಸ್‌ಫ್ಯಾಟ್‌ಗೆ ಎನ್‌ಟಿಎಫ್‌ಎಸ್‌ನಂತೆ ಜರ್ನಲ್ ಇಲ್ಲ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಹಾನಿ ಹೆಚ್ಚು. ಆದ್ದರಿಂದ ‘ಇಜೆಕ್ಟ್’ ಒತ್ತದೆ ಯಾರೂ ಡಿಸ್ಕ್ ಕೀಳಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. ಈಗ ಒಂದು ಡಿಸ್ಕ್ ಮಾಟುಂಗದಲ್ಲಿದೆ, ಇನ್ನೊಂದು ಡೊಂಬಿವಲಿಯಲ್ಲಿ.

ಆ ರಾತ್ರಿ ಮನಿಯಾರ್ಡರಿನ ಕತೆಯನ್ನು ಎಲ್ಲರೂ ಕೂತು ಕೊನೆಯವರೆಗೆ ಕೇಳಿದೆವು.