ಮಂಚದಡಿಯ ಬೂಟು

ನಾನು ಬೈಕಿನಿಂದ ಬಿದ್ದ ದಿನ ನನ್ನ ಹತ್ತಿರ ರೈಡಿಂಗ್ ಬೂಟು ಇತ್ತು. ಆದರೆ ಕಾಲಲ್ಲಿ ಅಲ್ಲ, ಬಾಡಿಗೆ ಕೋಣೆಯ ಮಂಚದಡಿಯಲ್ಲಿ. ಕಾಲಲ್ಲಿ ಇದ್ದದ್ದು ಚಪ್ಪಲಿ.

ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕ್ಕನೂರಿಗೆ ನಾನು ಹೋದದ್ದು ಏಲಕ್ಕಿ ವ್ಯಾಪಾರದ ಕೆಲಸಕ್ಕೆ. ಬಂಟ್ವಾಳ ಕಡೆಯ ನಮಗೆ ಅಡಿಕೆ, ಕರಿಮೆಣಸು ಗೊತ್ತು. ಏಲಕ್ಕಿಯ ದೊಡ್ಡ ಹರಾಜು ನಡೆಯುವುದು ಬೋಡಿಯಲ್ಲಿ ಮತ್ತು ಗಡಿಯಾಚೆ ಕೇರಳದ ಪುಟ್ಟಡಿಯಲ್ಲಿ. ವಾರದಲ್ಲಿ ಎರಡು ಮೂರು ದಿನ ಬೈಕಿನಲ್ಲಿ ಬೋಡಿಮೆಟ್ಟು ಘಾಟಿ ಹತ್ತಿ, ಪೂಪ್ಪಾರ ಕಡೆಯ ತೋಟಗಳಲ್ಲಿ ಮಾಲು ನೋಡಿ ಬರುವುದು ನನ್ನ ಪಾಲಿನ ಕೆಲಸ. ಘಾಟಿಯಲ್ಲಿ 17 ಹೇರ್‌ಪಿನ್ ತಿರುವುಗಳು. ಕೆಳಗೆ ಬೋಡಿಯಲ್ಲಿ ಬೆವರು ಇಳಿಯುವ ಬಿಸಿಲು, ಮೇಲೆ ಮಂಜು, ಕೆಲವೊಮ್ಮೆ ಮಳೆ.

ಸೇರಿದ ಹೊಸತರಲ್ಲೇ ಆನ್‌ಲೈನಿನಲ್ಲಿ ಬೂಟು ತರಿಸಿದೆ. ಫೋಟೋ ನೋಡಿ ಮನಸೋತದ್ದು, ಅಷ್ಟೇ. ಆಫೀಸಿನ ಶೂ 8 ಅಂತ ಇದಕ್ಕೂ 8 ಎಂದು ಒತ್ತಿದೆ. ಬಂದ ಮೇಲೆ ಹೆಬ್ಬೆರಳು ತುದಿಗೆ ಒತ್ತುತ್ತಿತ್ತು. ಹಾಕಿ ಹಾಕಿ ಸಡಿಲ ಆಗುತ್ತದೆ ಅಂದುಕೊಂಡೆ. ಹತ್ತು ದಿನಕ್ಕೆ ಉಗುರು ಕಪ್ಪಾಯಿತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಮೇಲಿಂದ ಮೇಲೆ ಲೇಸು ಬಿಚ್ಚಿ ಕಟ್ಟುವ ರಗಳೆ. ಲುಹರ್‌ಗೆ ಪಳ್ಳಿಯ ಮೆಟ್ಟಿಲಲ್ಲಿ ಕುಳಿತು ನಾನು ಲೇಸು ಬಿಚ್ಚುವಷ್ಟರಲ್ಲಿ ಒಳಗೆ ಜಮಾಅತ್ ಶುರುವಾಗಿರುತ್ತಿತ್ತು. ಹೀಗೆ ಬೂಟು ಮಂಚದಡಿಗೆ ಹೋಯಿತು.

ಬಿದ್ದದ್ದೂ ದೊಡ್ಡ ವೇಗದಲ್ಲಿ ಅಲ್ಲ. ಇಳಿಯುವಾಗ ಒಂದು ತಿರುವಿನಲ್ಲಿ ಒದ್ದೆ ರಸ್ತೆಯ ಮೇಲೆ ಜಲ್ಲಿ ಹರಡಿತ್ತು. ಸೈಕಲಿನಷ್ಟು ನಿಧಾನದಲ್ಲಿ ಬೈಕು ಎಡಕ್ಕೆ ಮಲಗಿತು. ಎಡ ಪಾದ ಕೆಳಗೆ ಸಿಕ್ಕಿಕೊಂಡಿತು. ಹೆಲ್ಮೆಟ್‌ಗೆ ಒಂದು ಗೆರೆ ಬಿದ್ದದ್ದು ಬಿಟ್ಟರೆ ತಲೆಗೆ ಏನೂ ಆಗಲಿಲ್ಲ. ಪಾದದ ಗಂಟಿನ ಹೊರಗಿನ ಎಲುಬು ಮುರಿಯಿತು. ಪ್ಲೇಟು, ಸ್ಕ್ರೂ, ಆರು ವಾರ ನೆಲಕ್ಕೆ ಕಾಲೂರಬಾರದು.

ಬಾಡಿಗೆ ಮನೆಯ ಮಾಲೀಕರು ಕಪ್ಪಿಲಿಯರ್. ಆ ಕಣಿವೆಯಲ್ಲಿ ತಲೆಮಾರುಗಳಿಂದ ಇದ್ದರೂ ಮನೆಯೊಳಗೆ ಕನ್ನಡ ಮಾತಾಡುವ ಜನ. ತಮಿಳು ಬೆರೆತ ಅವರ ಕನ್ನಡ ನನಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಊಹೆ. ಆ ಮನೆಯ ಅಜ್ಜಿ ಮೊದಲ ವಾರ ಗಂಜಿ ಕೊಟ್ಟು ನೋಡಿಕೊಂಡರು. ಆಮೇಲೆ ಉಪ್ಪ ಬಂದು ಊರಿಗೆ ಕರೆದುಕೊಂಡು ಹೋದರು.

ಮೂರು ತಿಂಗಳು ಮನೆಯಲ್ಲಿ. ಸಂಬಳ ಇಲ್ಲ. ತಂಗಿಯ ಮದುವೆಗೆಂದು ಕೂಡಿಟ್ಟದ್ದರಲ್ಲಿ ಒಂದು ಪಾಲು ಆಸ್ಪತ್ರೆಗೆ ಹೋಯಿತು. ಉಮ್ಮ ಬೈಯಲಿಲ್ಲ. ಕಾಲಿಗೆ ಎಣ್ಣೆ ಹಚ್ಚುತ್ತಾ ಒಂದೇ ಒಂದು ಮಾತು ಕೇಳಿದರು: "ಮೋನೆ, ತಲೆಗೆ ಹಾಕಿದ್ದಿ, ಸರಿ. ಕಾಲಿಗೆ ಎಂತ ಹಾಕಿದ್ದಿ?"

ಬೂಟು ಇತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಹಾಕಲು ಹೇಳುತ್ತದೆ. ಪೊಲೀಸರು ನಿಲ್ಲಿಸಿ ನೋಡುವುದೂ ತಲೆಯನ್ನೇ. ಕಾಲಿನ ಬಗ್ಗೆ ಕೇಳುವವರು ಮನೆಯವರು ಮಾತ್ರ, ಅದೂ ಬಿದ್ದ ಮೇಲೆ.

ಮತ್ತೆ ಬೋಡಿಗೆ ಹೋದವನು ಹಳೆ ಬೂಟನ್ನು ಸಡಿಲ ಮಾಡಿಸಲೆಂದು ದಿಂಡಿಗಲ್‌ಗೆ ಒಯ್ದೆ. ದಿಂಡಿಗಲ್ ಅಂದರೆ ನಮಗೆ ಬಿರಿಯಾನಿ, ಹೆಚ್ಚೆಂದರೆ ಬೀಗ. ಆದರೆ ಅದು ಚರ್ಮ ಹದ ಮಾಡುವ ಊರೂ ಹೌದು. ಅಲ್ಲಿನ ಬೇಗಂಪುರದಲ್ಲಿ ಟ್ಯಾನರಿಯಲ್ಲಿ ದುಡಿದು ಈಗ ಚಪ್ಪಲಿ, ಬ್ಯಾಗು ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕಿದರು. ಎಲ್ಲರೂ ಅವರನ್ನು 'ಬಾಯ್' ಎನ್ನುತ್ತಾರೆ. ನನ್ನ ತಮಿಳು ಹರಕು. ಆದರೆ ನಮ್ಮ ಬ್ಯಾರಿ ಭಾಷೆಯ 'ಕಾಲ್' ಅವರಿಗೂ 'ಕಾಲ್' ತಾನೇ. ಮಾತು ನಡೆಯಿತು.

ಬೂಟಿನೊಳಗೆ ಕೈಹಾಕಿ ನೋಡಿ ಅವರು ಹೇಳಿದರು: "ತಂಬಿ, ಚರ್ಮ ಅಗಲಕ್ಕೆ ಸ್ವಲ್ಪ ಬಿಡುತ್ತದೆ. ಉದ್ದಕ್ಕೆ ಬಿಡುವುದಿಲ್ಲ. ಇದನ್ನು ಸಣ್ಣ ಕಾಲಿನವರಿಗೆ ಕೊಟ್ಟುಬಿಡು." ಆಮೇಲೆ ಅರ್ಧ ಗಂಟೆ ಕೂರಿಸಿ ಪಾಠ ಮಾಡಿದರು. ಅವರು ಹೇಳಿದ್ದು, ನಾನು ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯ ಹುಡುಗರಿಗೆ ಬೇಕಾದೀತು.

ಬೂಟು ಕೊಳ್ಳಲು ಸಂಜೆ ಹೊತ್ತು ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಬೈಕಿಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಪಾದ ಒಂದೇ ಅಳತೆ ಇರುವುದಿಲ್ಲ, ದೊಡ್ಡ ಪಾದಕ್ಕೆ ಸರಿಯಾಗುವುದನ್ನು ತೆಗೆದುಕೊಳ್ಳಿ. ನಿಂತಾಗ ಬೆರಳ ತುದಿಯ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ನಡೆಯುವಾಗ ಹಿಮ್ಮಡಿ ಮೇಲೇಳಬಾರದು. ಆಮೇಲೆ ಬೈಕಿನ ಮೇಲೆ ಕುಳಿತು ನೋಡಿ: ಬೂಟಿನ ತುದಿ ಗೇರ್ ಲಿವರಿನ ಅಡಿಗೆ ಹೋಗುತ್ತದಾ, ಬ್ರೇಕು ಕಾಲಿಗೆ ತಿಳಿಯುತ್ತದಾ? ಸ್ವಲ್ಪ ತಡೆದರೆ ಮೆಕ್ಯಾನಿಕ್ ಗೇರ್ ಲಿವರನ್ನು ಒಂದು ಹಲ್ಲು ಮೇಲೆ ಕೂರಿಸಿಕೊಡುತ್ತಾನೆ.

ಇನ್ನು ರಕ್ಷಣೆ. ಪಾದದ ಗಂಟಿನ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಗೆ ಗಟ್ಟಿ ಬಟ್ಟಲಿನಂಥದ್ದು ಸಿಗಬೇಕು. ತುದಿ, ಹಿಮ್ಮಡಿ ಗಟ್ಟಿ ಇರಬೇಕು. ಹಿಮ್ಮಡಿಯನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ. ಸಲೀಸಾಗಿ ತಿರುಚಿಕೊಂಡರೆ ಬಿದ್ದಾಗ ಪಾದವೂ ಹಾಗೇ ತಿರುಚುತ್ತದೆ. ಅಡಿಭಾಗವನ್ನು ಅಡ್ಡಕ್ಕೆ ಅಮುಕಿದರೂ ಮಡಚಬಾರದು, ಬೈಕಿನ ಭಾರ ಬೀಳುವುದು ಹಾಗೇ.

ಯುರೋಪಿನ ಇಎನ್ 13634 ಎಂಬ ಮಾನದಂಡ ಇದನ್ನೇ ಅಳೆಯುತ್ತದೆ. ಪಾಸಾದ ಬೂಟಿನ ಲೇಬಲಿನಲ್ಲಿ ಬೈಕ್ ಸವಾರನ ಚಿತ್ರ, ಅದರ ಜೊತೆ ನಾಲ್ಕು ಅಂಕಿ ಇರುತ್ತವೆ: ಎತ್ತರ, ರಸ್ತೆಗೆ ಉಜ್ಜಿದರೆ ತಡೆಯುವ ಶಕ್ತಿ, ಕೊಯ್ತ ತಡೆಯುವ ಶಕ್ತಿ, ಅಡ್ಡಕ್ಕೆ ಅಮುಕಿದರೆ ಮಡಚದ ಗುಣ. ಪ್ರತಿಯೊಂದೂ 1 ಅಥವಾ 2. 2 ಹೆಚ್ಚಿನದು. ಐಪಿಎ ಎಂದಿದ್ದರೆ ಪಾದದ ಗಂಟಿನ ರಕ್ಷಣೆ, ಡಬ್ಲ್ಯುಆರ್ ಎಂದಿದ್ದರೆ ನೀರಿನ ತಡೆ ಪರೀಕ್ಷೆಯಾಗಿದೆ ಎಂದು ಅರ್ಥ. ಎಲ್ಲದರಲ್ಲೂ 2 ಇರುವ ಬೂಟು ನಡೆಯಲು ಬಿಗಿ. ದಿನಾ ತೋಟದಲ್ಲಿ ಇಳಿದು ನಡೆಯುವ ನನ್ನಂಥವನು ಅದನ್ನೂ ಯೋಚಿಸಬೇಕು.

ಕೆಲವರು ಕಾರ್ಖಾನೆಯ ಸೇಫ್ಟಿ ಶೂ ಸಾಕು ಎನ್ನುತ್ತಾರೆ. ಅದರ ಉಕ್ಕಿನ ತುದಿ ಮೇಲಿಂದ ಬೀಳುವ ಭಾರಕ್ಕೆ ಮಾಡಿದ್ದು, 200 ಜೂಲ್ ಪೆಟ್ಟು ತಡೆಯುತ್ತದೆ. ಆದರೆ ಮುರಿಯುವ ಗಂಟನ್ನು ಅದು ಹೆಚ್ಚು ಕಾಯುವುದಿಲ್ಲ, ತುದಿ ದಪ್ಪವಾಗಿ ಗೇರಿಗೂ ಸಿಕ್ಕದು. ಆದರೂ ಹಣ ಇಲ್ಲದಾಗ ಗಂಟು ಮುಚ್ಚುವ ಸೇಫ್ಟಿ ಶೂ ಚಪ್ಪಲಿಗಿಂತ ಎಷ್ಟೋ ಮೇಲು.

ಲೇಸಿಗಿಂತ ಬದಿಯ ಜಿಪ್, ವೆಲ್‌ಕ್ರೋ ಒಳ್ಳೆಯದು. ಸಡಿಲ ಲೇಸು ಗೇರ್ ಲಿವರಿಗೆ ಸುತ್ತಿಕೊಂಡರೆ ಸಿಗ್ನಲಿನಲ್ಲಿ ಕಾಲೂರಲು ಆಗದೆ ಬೀಳುತ್ತೇವೆ. ಪಳ್ಳಿಯ ಮೆಟ್ಟಿಲಲ್ಲೂ ಸಮಯ ಉಳಿಯುತ್ತದೆ.

ನಮ್ಮವರು ಕೇಳಲೇಬೇಕಾದ ಇನ್ನೊಂದು ವಿಷಯ ಒಳಪದರ. 'ಜೆನ್ಯುಯಿನ್ ಲೆದರ್' ಎಂದರೆ ಚರ್ಮ ಎಂದಷ್ಟೇ, ಯಾವ ಪ್ರಾಣಿಯದ್ದೆಂದು ಅದು ಹೇಳುವುದಿಲ್ಲ. ಹಂದಿ ಚರ್ಮದಲ್ಲಿ ರೋಮದ ತೂತುಗಳು ಮೂರು ಮೂರು ಗುಂಪಾಗಿ ಕಾಣುತ್ತವೆ ಎಂದು ಬಾಯ್ ತೋರಿಸಿಕೊಟ್ಟರು. ಮೇಲೆ ಬಣ್ಣ ಬಳಿದಿದ್ದರೆ ಅದೂ ಕಾಣದು. ಸಂಶಯ ಇದ್ದರೆ ಅಂಗಡಿಯವರನ್ನು ಕೇಳಿ, ಇಲ್ಲವೇ ಬಟ್ಟೆಯ ಒಳಪದರ ಇರುವುದನ್ನು ಆರಿಸಿ.

ಕೊನೆಗೆ ಮದುರೆಯ ಅಂಗಡಿಯಲ್ಲಿ ಒಂದು ಸಂಜೆ ಐದು ಜೊತೆ ಹಾಕಿ ನೋಡಿ, 9ರ ಅಳತೆಯದ್ದು ತೆಗೆದುಕೊಂಡೆ. ಹೆಲ್ಮೆಟ್‌ಗೆ ಕೊಟ್ಟದ್ದರ ಎರಡು ಪಟ್ಟು ಹಣ. ಚಂದ ಅಷ್ಟಕ್ಕಷ್ಟೇ. ಆದರೆ ಟೀ ಕುಡಿಯಲು ಹೋಗುವಾಗಲೂ ಅದನ್ನೇ ಹಾಕುತ್ತೇನೆ, ಯಾಕೆಂದರೆ ನೋಯುವುದಿಲ್ಲ. ನನಗೆ ತಡವಾಗಿ ತಿಳಿದದ್ದು ಇಷ್ಟೇ: ನೋಯಿಸುವ ಬೂಟು ಎಷ್ಟೇ ಗಟ್ಟಿಯಾಗಿರಲಿ, ಮನೆಯಲ್ಲೇ ಉಳಿಯುತ್ತದೆ. ಹಿತ ಬೇರೆ, ರಕ್ಷಣೆ ಬೇರೆ ಅಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಾಗ ಬೂಟು ಒದ್ದೆಯಾಗಿತ್ತು. ನಮ್ಮ ಕಡೆಯ ಮಳೆಯಲ್ಲಿ ಎರಡು ದಿನ ಮೂಲೆಯಲ್ಲಿಟ್ಟರೆ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಒಳಗಿನ ಹಾಸು ತೆಗೆದು, ಹಳೆ ಪೇಪರ್ ತುರುಕಿ ನೆರಳಿನಲ್ಲಿ ಇಡಬೇಕು. ಬೆಂಕಿಯ ಹತ್ತಿರ ಇಟ್ಟರೆ ಚರ್ಮ ಸೀಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಉಮ್ಮ ಒದ್ದೆ ಪೇಪರ್ ತೆಗೆದು ಒಣ ಪೇಪರ್ ತುಂಬಿಸುತ್ತಿದ್ದರು. ಗಂಟಿನ ಜಾಗದ ಗಟ್ಟಿ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ತಮ್ಮನಿಗೆ ಕಾಲೇಜಿಗೆ ಬೈಕ್ ಬೇಕಂತೆ," ಅಂದರು. "ಮೊದಲು ಇದನ್ನು ತೆಗೆಸಿಕೊಡು. ಅವನ ಕಾಲಿನ ಅಳತೆಯದ್ದು."