ಗರ್ಭಗುಡಿಯಿಲ್ಲದ ದೇವಾಲಯ

ಹಾಸನದ ಕಡೆಯ ಒಂದು ಸಣ್ಣ ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಷ್ಟರು. ಅವರ ಮಗಳ ಮದುವೆ ಅಲ್ಲಿಯ ಕ್ರೈಸ್ತ ದೇವಾಲಯದಲ್ಲಿ ನಡೆದಾಗ ನೆರೆಮನೆಯ ಜೋಯಿಸರೂ ಬಂದಿದ್ದರು. ಪಾದರಕ್ಷೆಗಳನ್ನು ಬಾಗಿಲಲ್ಲಿಯೇ ಬಿಟ್ಟು, ಹಿಂದಿನ ಬೆಂಚಿನಲ್ಲಿ ಕುಳಿತು, ನಡೆದುದೆಲ್ಲವನ್ನೂ ಶ್ರದ್ಧೆಯಿಂದ ನೋಡಿದರು. ಕೊನೆಗೆ ತಾಂಬೂಲ ಸ್ವೀಕರಿಸುತ್ತ ಮೆಲ್ಲನೆ, “ಎಲ್ಲ ಚೆನ್ನಾಗಿತ್ತು, ಮೇಷ್ಟರೆ. ನಿಮ್ಮ ದೇವಾಲಯದಲ್ಲಿ ಗರ್ಭಗುಡಿ ಯಾವುದೆಂಬುದು ಮಾತ್ರ ನನಗೆ ತಿಳಿಯಲಿಲ್ಲ” ಎಂದರು.

“ನಮ್ಮಲ್ಲಿ ಗರ್ಭಗುಡಿಯೇ ಇಲ್ಲ, ಜೋಯಿಸರೆ. ನೀವು ಕುಳಿತಿದ್ದಿರಲ್ಲ, ಆ ಬೆಂಚೇ ಗರ್ಭಗುಡಿ” ಎಂದು ಮೇಷ್ಟರು ನಕ್ಕರು. ಈ ಉತ್ತರ ಅವರಿಗೇ ಬಹಳ ಮೆಚ್ಚಾಯಿತು. ಮುಂದೆ ಅನೇಕ ವರ್ಷ ಅದನ್ನೇ ಹೇಳಿಕೊಂಡು ಬಂದರು.

ಅದು ಬರಿಯ ಚಮತ್ಕಾರದ ಮಾತೇನೂ ಅಲ್ಲ. ಕನ್ನಡ ಕ್ರೈಸ್ತರು ತಮ್ಮ ಪ್ರಾರ್ಥನಾಸ್ಥಾನವನ್ನು ದೇವಾಲಯವೆಂದು ಕರೆಯುವರು. ಕರಾವಳಿಯಲ್ಲಿ ಪೋರ್ಚುಗೀಸರ ನುಡಿಯಿಂದ ಬಂದ ಇಗರ್ಜಿ ಎಂಬ ಶಬ್ದವೂ ಉಂಟು. ಸೊಲೊಮೋನನು ಜೆರೂಸಲೇಮಿನಲ್ಲಿ ಕಟ್ಟಿಸಿದ ಮಂದಿರಕ್ಕೂ ಕನ್ನಡ ಬೈಬಲ್ಲಿನಲ್ಲಿ ದೇವಾಲಯವೆಂದೇ ಹೆಸರು. ಶಬ್ದವೊಂದೇ ಆದುದರಿಂದ ವಸ್ತುವೂ ಒಂದೇ ಎಂಬ ಭ್ರಾಂತಿ ಹುಟ್ಟುವುದು ಸಹಜ. ವಾಸ್ತವವಾಗಿ ಆ ಪ್ರಾಚೀನ ಮಂದಿರಕ್ಕೆ ಹತ್ತಿರದ್ದು ಜೋಯಿಸರ ಗುಡಿಯೇ ಹೊರತು ಮೇಷ್ಟರದಲ್ಲ. ಅಲ್ಲಿ ಪ್ರಾಕಾರದೊಳಗೆ ಪ್ರಾಕಾರ, ಅಂಗಳದಲ್ಲಿ ಬಲಿಪೀಠ, ವಂಶಪಾರಂಪರ್ಯವಾಗಿ ಬಂದ ಯಾಜಕರು, ಎಲ್ಲಕ್ಕೂ ಒಳಗೆ ಪರದೆಯ ಹಿಂದೆ ಅತಿಪವಿತ್ರ ಸ್ಥಾನ. ಅದರೊಳಗೆ ಮಹಾಯಾಜಕನೊಬ್ಬನೇ ವರ್ಷದಲ್ಲಿ ಒಂದೇ ದಿನ ಕಾಲಿಡುತ್ತಿದ್ದನು. ವಿಗ್ರಹ ಮಾತ್ರ ಇರಲಿಲ್ಲ. ಸೊಲೊಮೋನನ ಮಂದಿರ ಹಾಳಾದ ಮೇಲೆ ಎದ್ದು, ಹೆರೋದನ ಕಾಲದಲ್ಲಿ ವಿಸ್ತಾರಗೊಂಡ ಎರಡನೆಯ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನರ ಸೈನ್ಯ ನಾಶಮಾಡಿತು.

ಯೇಸುವಿನ ಮೊದಲ ಅನುಯಾಯಿಗಳು ಆ ದೇವಾಲಯಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ರೊಟ್ಟಿ ಮುರಿದು ಹಂಚಿಕೊಳ್ಳುವ ತಮ್ಮ ವಿಶೇಷ ಆಚರಣೆಯನ್ನು ಮಾತ್ರ ಮನೆಗಳಲ್ಲಿ ನಡೆಸುತ್ತಿದ್ದರು. ಸಂತ ಪೌಲನು ಇನ್ನೂ ಮುಂದೆ ಹೋಗಿ, ಭಕ್ತರ ಸಮುದಾಯವೇ ದೇವರ ಆಲಯವೆಂದು ಬೋಧಿಸಿದನು. ಸಿರಿಯಾದೇಶದಲ್ಲಿ ಯೂಫ್ರೆಟಿಸ್ ನದಿಯ ದಡದ ಡ್ಯೂರಾ ಯೂರೋಪಸ್ ಎಂಬ ಹಾಳು ಪಟ್ಟಣವನ್ನು 1930ರ ಸುಮಾರಿಗೆ ಅಗೆದಾಗ ಇಂಥ ಒಂದು ಮನೆ ದೊರೆಯಿತು. ಮೂರನೆಯ ಶತಮಾನದ ಸಾಧಾರಣ ಗೃಹ. ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದು ಕೂಟಕ್ಕೆ ಸ್ಥಳಮಾಡಿದ್ದಾರೆ, ಮತ್ತೊಂದು ಕೋಣೆಯಲ್ಲಿ ಸ್ನಾನದೀಕ್ಷೆಗೆ ತೊಟ್ಟಿ ಕಟ್ಟಿದ್ದಾರೆ. 313ರಲ್ಲಿ ಕ್ರೈಸ್ತಮತಕ್ಕೆ ರಾಜಮನ್ನಣೆ ದೊರೆತ ಮೇಲೆ ಸಾಮ್ರಾಟ ಕಾನ್‌ಸ್ಟಂಟೈನನು ರೋಮಿನಲ್ಲಿ ದೊಡ್ಡ ಆಲಯಗಳನ್ನು ಕಟ್ಟಿಸಿದನಷ್ಟೆ. ರೋಮನರ ಗುಡಿಗಳು ಕಣ್ಣಮುಂದೆಯೇ ಇದ್ದರೂ ಅವುಗಳ ಮಾದರಿಯನ್ನು ಹಿಡಿಯಲಿಲ್ಲ. ಆ ಗುಡಿಗಳಲ್ಲಿ ದೇವತೆ ಒಳಗೆ, ಬಲಿಯೂ ಜನವೂ ಹೊರಗೆ. ಆದುದರಿಂದ ನ್ಯಾಯವಿಚಾರಣೆ, ವ್ಯಾಪಾರಗಳು ನಡೆಯುತ್ತಿದ್ದ ಬೆಸಿಲಿಕಾ ಎಂಬ ಸಭಾಭವನದ ಆಕಾರವನ್ನೇ ಆರಿಸಿಕೊಂಡರು. ಜನರನ್ನು ಒಳಗೆ ಕೂಡಿಸುವುದೇ ಅದರ ಉದ್ದೇಶ. ಇಷ್ಟನ್ನು ಓದಿಕೊಂಡೇ ಮೇಷ್ಟರು ಬೆಂಚಿನ ಮಾತನ್ನಾಡಿದ್ದು.

ಆದರೆ ಮನುಷ್ಯನ ಮನಸ್ಸು ಸಭಾಭವನದಿಂದ ತೃಪ್ತವಾಗುವಂಥದಲ್ಲ. ಕಾಲಕ್ರಮದಲ್ಲಿ ಗೋಡೆಗಳಿಗೆ ಪವಿತ್ರತೈಲದ ಲೇಪನವಾಯಿತು. ಬಲಿಪೀಠದಡಿಯಲ್ಲಿ ಸಂತರ ಅಸ್ಥಿಗಳು ಸೇರಿದವು. ಕಥೋಲಿಕರ ಆಲಯಗಳಲ್ಲಿ ಪರಮಪ್ರಸಾದವನ್ನಿಟ್ಟ ಪೆಟ್ಟಿಗೆಯ ಬಳಿ ಆರದ ದೀಪ ಉರಿಯತೊಡಗಿತು. ಜೋಯಿಸರು ಆ ದೀಪವನ್ನು ಗಮನಿಸಿದ್ದರೆ ಗರ್ಭಗುಡಿಯನ್ನು ತಾವೇ ಕಂಡುಹಿಡಿಯುತ್ತಿದ್ದರೋ ಏನೋ! ಮಾರ್ಮನರೆಂದು ಪ್ರಸಿದ್ಧರಾದ ಅಮೆರಿಕೆಯ ಪಂಥದವರಂತೂ ಸಭಾಮಂದಿರ ಬೇರೆ, ದೇವಾಲಯ ಬೇರೆ ಎಂದು ಸ್ಪಷ್ಟವಾಗಿಯೇ ವಿಂಗಡಿಸಿದ್ದಾರೆ. ಅವರ ಭಾನುವಾರದ ಆರಾಧನೆ ಸಭಾಮಂದಿರದಲ್ಲಿ. ದೇವಾಲಯದಲ್ಲಿ ನಡೆಯುವುದು ಶಾಶ್ವತ ವಿವಾಹಬಂಧನ, ಮೃತರ ಪರವಾಗಿ ದೀಕ್ಷಾಸ್ನಾನ ಮೊದಲಾದ ವಿಧಿಗಳು. ಭಾನುವಾರ ಅದರ ಬಾಗಿಲು ಮುಚ್ಚಿರುತ್ತದೆ, ಬೇರೆ ದಿನಗಳಲ್ಲಿಯೂ ಅರ್ಹತಾಪತ್ರವಿಲ್ಲದವರಿಗೆ ಪ್ರವೇಶವಿಲ್ಲ. ಇಂಥದೊಂದು ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಸಾರಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನಡೆಸಿದರು. ಇತರ ಕ್ರೈಸ್ತರು ಈ ಪಂಥದ ಬೋಧೆಯನ್ನು ಒಪ್ಪುವುದಿಲ್ಲ. ಆದರೂ ಮುಚ್ಚಿದ ಬಾಗಿಲಿನ ಹಿಂದಿನ ಪವಿತ್ರತೆಯ ಹಂಬಲ ಅವರೊಬ್ಬರದೇ ಎನ್ನುವಂತಿಲ್ಲ.

ಮೇಷ್ಟರ ಮನೆಯಲ್ಲಿಯೇ ಆ ಹಂಬಲವಿತ್ತು. ಅವರ ಪತ್ನಿಯ ತವರು ಶೆಟ್ಟಿಹಳ್ಳಿಯ ಕಡೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ದೊಡ್ಡ ದೇವಾಲಯದಲ್ಲಿಯೇ ಅವರಿಬ್ಬರ ಮದುವೆಯಾಗಿತ್ತು. ಗೊರೂರು ಎಂದೊಡನೆ ಓದುವವರಿಗೆ ರಾಮಸ್ವಾಮಿ ಅಯ್ಯಂಗಾರ್ಯರ ಹಳ್ಳಿಯ ಚಿತ್ರಗಳು ನೆನಪಿಗೆ ಬರುವುವು. ಆಕೆಗೆ ಬರುತ್ತಿದ್ದುದು ಅಣೆಕಟ್ಟು. ಅಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿ, 1979ರಲ್ಲಿ ಕೆಲಸ ಮುಗಿದು, ಹಿನ್ನೀರು ಏರಿತು. ಜನ ಬೇರೆ ಕಡೆಗೆ ಹೋದರು. ದೇವಾಲಯ ಉಳಿಯಿತು. ಮಾಡು ಹೋಗಿ, ಬಿಲ್ಲುಗಮಾನುಗಳೂ ಗೋಡೆಗಳೂ ಮಾತ್ರ ನಿಂತಿವೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ನೀರು ಒಳಹೊಕ್ಕು, ಅರ್ಧ ಮುಳುಗಿದ ಹಡಗಿನಂತೆ ಕಾಣುವುದು. ಬೇಸಗೆಯಲ್ಲಿ ನೀರು ಇಳಿದು, ನಡೆದು ಒಳಗೆ ಹೋಗಬಹುದು. ಈಗ ದೂರದೂರದಿಂದ ಜನ ಬಂದು ಚಿತ್ರ ತೆಗೆದುಕೊಳ್ಳುತ್ತಾರೆ.

ಆಕೆ ಪ್ರತಿ ಬೇಸಗೆಯಲ್ಲೂ ಒಮ್ಮೆ ಅಲ್ಲಿಗೆ ಹೋಗುವರು. ಹೊಸಿಲಿದ್ದ ಜಾಗದಲ್ಲಿ ಚಪ್ಪಲಿ ಬಿಟ್ಟು, ಒಣಗಿ ಬಿರಿದ ಕೆಸರಿನ ಮೇಲೆ ಬರಿಗಾಲಿನಲ್ಲಿ ನಡೆದು, ಬಲಿಪೀಠವಿದ್ದ ಕಡೆ ಒಂದು ಮೇಣದ ಬತ್ತಿ ಹಚ್ಚುವರು. ಗಾಳಿಗೆ ಅದು ನಿಲ್ಲುತ್ತಿರಲಿಲ್ಲ. ಒಂದು ಸಲ ಮೇಷ್ಟರು, ಪೌಲನ ಬೋಧೆಯನ್ನು ವಿವರಿಸಿ, ಗೋಡೆಗಳಲ್ಲೇನಿದೆ ಎಂದಾಗ ಆಕೆ, “ಗೋಡೆ ಬೇಡ ಅನ್ನೋದು ಗೋಡೆ ಇರೋರ ಮಾತು ಕಣ್ರೀ” ಎಂದುಬಿಟ್ಟರು. ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದುದಕ್ಕೆ ಸ್ವಲ್ಪ ಕೋಪವೂ ಬಂದಿತು.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ದೇಶದ ಗುಡಿ, ಮಸೀದಿ, ಇಗರ್ಜಿಗಳೆಲ್ಲ ಮುಚ್ಚಿದವು. ಏಪ್ರಿಲ್ 12ರ ಈಸ್ಟರ್ ಹಬ್ಬದಂದು ಗಂಡಹೆಂಡಿರು ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ಬಲಿಪೂಜೆಯನ್ನು ನೋಡಿದರು. ಮೇಷ್ಟರಿಗೆ ಒಳಗೊಳಗೇ ಸಂತೋಷ: ಡ್ಯೂರಾದ ಮನೆ ಮರಳಿ ಬಂದಿತಲ್ಲ! ಆಕೆ ಮಾತ್ರ ಪೂಜೆ ಮುಗಿದ ಮೇಲೆ, “ಪ್ರಸಾದ?” ಎಂದು ಕೇಳಿ ಸುಮ್ಮನಾದರು.

ಮೇ ತಿಂಗಳಲ್ಲಿ ಆಕೆ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ 20 ಜನಕ್ಕಿಂತ ಹೆಚ್ಚು ಕೂಡದೆಂದು ಆಗ ಸರ್ಕಾರದ ನಿಯಮ. ದೇವಾಲಯಕ್ಕೆ ಬೀಗ. ಶವವನ್ನು ಮನೆಯಿಂದ ನೇರವಾಗಿ ಸ್ಮಶಾನಕ್ಕೆ ಒಯ್ದರು. ದಾರಿಯಲ್ಲಿ ದೇವಾಲಯದ ಮುಂದೆ ಗಾಡಿ ಒಂದು ನಿಮಿಷ ನಿಂತಿತು. ನಿಲ್ಲಿಸಲು ಹೇಳಿದವರು ಮೇಷ್ಟರೇ. ಗುರುಗಳ ಪ್ರಾರ್ಥನೆಯಲ್ಲಿ ಯಾವುದೂ ಕಡಮೆಯಾಗಿರಲಿಲ್ಲ. ಮತಶಾಸ್ತ್ರದ ಪ್ರಕಾರವೂ ಕೊರತೆಯೆಂಬುದಿರಲಿಲ್ಲ. ಮೇಷ್ಟರಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ರಾತ್ರಿ ನಿದ್ರೆ ಬರಲಿಲ್ಲ.

ಜೋಯಿಸರು ಪ್ರತಿದಿನ ಸಂಜೆ ಬಂದು ಜಗಲಿಯ ಆ ತುದಿಯಲ್ಲಿ ದೂರ ಕುಳಿತಿರುತ್ತಿದ್ದರು. ತಾವು ಪೂಜಿಸುವ ಗುಡಿಯಲ್ಲಿ, ಭಕ್ತರಿಗೆ ಪ್ರವೇಶವಿಲ್ಲದಿದ್ದರೂ, ಅವರೊಬ್ಬರೇ ಹೋಗಿ ನಿತ್ಯದ ಅಭಿಷೇಕ ಮಾಡಿ ಬರುತ್ತಿದ್ದರು. ದೇವರಿಗೆ ಪೂಜೆ ತಪ್ಪಿರಲಿಲ್ಲ. ಬೆಂಚಿನ ಮಾತು ಅವರಿಗೂ ನೆನಪಿದ್ದಿರಬೇಕು, ಎತ್ತಲಿಲ್ಲ. “ಬಾಗಿಲು ಯಾವಾಗ ತೆಗೆಯುತ್ತಾರಂತೆ, ಮೇಷ್ಟರೆ?” ಎಂದಷ್ಟೇ ಕೇಳುತ್ತಿದ್ದರು.

ಕೊನೆಗೆ ಬಾಗಿಲು ತೆರೆದ ಮೊದಲ ಭಾನುವಾರ ಮೇಷ್ಟರು ಎಲ್ಲರಿಗಿಂತ ಮುಂಚೆ ಹೋದರು. ಆ ಊರಿನಲ್ಲಿ ಗಂಡಸರು ಬಲಗಡೆ, ಹೆಂಗಸರು ಎಡಗಡೆ ಕುಳಿತುಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಮೇಷ್ಟರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಡಗಡೆಯ ಮೂರನೆಯ ಬೆಂಚಿನ ಗೋಡೆಯ ಬದಿಗೆ ಹೋಗಿ ಕುಳಿತರು. ಆಮೇಲೆ ಬಂದ ಹೆಂಗಸರು ನೋಡಿದರು, ಯಾರೂ ಏನೂ ಹೇಳಲಿಲ್ಲ. ಪೂಜೆ ಮುಗಿದು ಎಲ್ಲರೂ ಹೊರಟರು. ಬೀಗ ಹಾಕುವ ಹುಡುಗ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು, ಬೀಗದ ಕೈಯನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದ.